ಕೆಲಸ ಕೊಟ್ಟರೆ ಸಾಲದು, ಆರ್ಡರ್ ಕೊಡಿ

ಅಮೆರಿಕದ ದೊಡ್ಡ ಕಂಪನಿಗಳಿಗೆ ರಟ್ಟಿನ ಪೆಟ್ಟಿಗೆ, ಊಟ, ಮುದ್ರಣ, ಸಾಫ್ಟ್‌ವೇರ್ ಹೀಗೆ ಏನನ್ನಾದರೂ ಪೂರೈಸಲು ಹೊರಟ ಸಣ್ಣ ಉದ್ಯಮಿಗಳು ಅಲ್ಲಿ ಒಂದು ಪ್ರಮಾಣಪತ್ರಕ್ಕೆ ಅರ್ಜಿ ಹಾಕುವುದುಂಟು. ಅರ್ಜಿ ಹಾಕಿದವರನ್ನು ಕೇಳುವ ಪ್ರಶ್ನೆಗಳು ನೇರವಾಗಿರುತ್ತವೆ. ಸಂಸ್ಥೆಯ ಶೇ 51ರಷ್ಟಾದರೂ ಪಾಲು ಯಾರ ಹೆಸರಿನಲ್ಲಿದೆ? ಚೆಕ್ಕಿಗೆ ಸಹಿ ಹಾಕುವವರು ಯಾರು? ನೌಕರರನ್ನು ಸೇರಿಸಿಕೊಳ್ಳುವ, ತೆಗೆಯುವ ಅಧಿಕಾರ ಯಾರದು? ಇದಕ್ಕೆಲ್ಲ ದಾಖಲೆ ಒದಗಿಸಬೇಕು. ಅದರ ಜೊತೆಗೆ, ಮಾಲೀಕರು ಅಂಗವಿಕಲರು ಎಂದೋ, ಸಲಿಂಗಿ ಅಥವಾ ಲಿಂಗ ಪರಿವರ್ತಿತರು ಎಂದೋ ಸಾಬೀತುಪಡಿಸಬೇಕು. ಕಾಗದಪತ್ರ ಸರಿಯಿದ್ದರೂ ತಪಾಸಕರು ಉದ್ಯಮದ ಜಾಗಕ್ಕೇ ಬರುತ್ತಾರೆ, ಮಾಲೀಕರನ್ನು ಕೂರಿಸಿಕೊಂಡು ವ್ಯವಹಾರದ ಒಳಹೊರಗು ವಿಚಾರಿಸುತ್ತಾರೆ.

ಮೇಲ್ನೋಟಕ್ಕೆ ಇದು ಇನ್ನೊಬ್ಬರ ಖಾಸಗಿ ಬದುಕಿಗೆ ಕೈಹಾಕುವ ಕೆಲಸ. ಆದರೂ ಉದ್ಯಮಿಗಳು ತಾವಾಗಿಯೇ ಇದಕ್ಕೆ ಒಪ್ಪುತ್ತಾರೆ. ಯಾಕೆಂದರೆ ಈ ಪ್ರಶ್ನಾವಳಿ ಅವರನ್ನು ಫಲಾನುಭವಿಗಳೆಂದು ನೋಡುವುದಿಲ್ಲ, ಯಜಮಾನರೆಂದು ನೋಡುತ್ತದೆ. ಅಂಗವಿಕಲರಿಗೆ ಕೆಲಸ ಕೊಡಿ ಎಂದು ಜಗತ್ತು ಬಹಳ ಕಾಲದಿಂದ ಹೇಳುತ್ತಲೇ ಬಂದಿದೆ. ಅಂಗವಿಕಲರು ಕೆಲಸ ಕೊಡುವವರೂ ಆಗಿರಬಹುದು ಎಂಬ ಮಾತು ನೀತಿಯಾಗಿ ರೂಪುಗೊಂಡದ್ದು ತೀರ ಈಚೆಗೆ. ಕರ್ನಾಟಕದಲ್ಲಿ ಅದು ಇನ್ನೂ ಆಗಿಲ್ಲ. ಆಗಲೇಬೇಕು.

ಈ ವ್ಯವಸ್ಥೆಯ ಬೇರು ಇರುವುದು ಡೆಟ್ರಾಯಿಟ್ ನಗರದ ಬೆಂಕಿಯಲ್ಲಿ. 1967ರ ಜುಲೈನಲ್ಲಿ ಅಲ್ಲಿ ನಡೆದ ಜನಾಂಗೀಯ ಗಲಭೆಗೆ 43 ಮಂದಿ ಬಲಿಯಾದರು. ಮರುವರ್ಷವೇ ಜನರಲ್ ಮೋಟರ್ಸ್ ಕಂಪನಿ ಕಪ್ಪುಜನರ ಒಡೆತನದ ಸಣ್ಣ ಉದ್ಯಮಗಳಿಂದಲೂ ಸರಕು ಕೊಳ್ಳುವ ಕಾರ್ಯಕ್ರಮ ಆರಂಭಿಸಿತು. 1969ರಲ್ಲಿ ಅಧ್ಯಕ್ಷ ನಿಕ್ಸನ್ ಅಲ್ಪಸಂಖ್ಯಾತರ ಉದ್ಯಮಗಳಿಗೆಂದೇ ಸರ್ಕಾರಿ ಕಚೇರಿ ತೆರೆದರು. 1972ರಲ್ಲಿ ಇಂಥ ಪೂರೈಕೆದಾರರಿಗೆ ಪ್ರಮಾಣಪತ್ರ ಕೊಡುವ ರಾಷ್ಟ್ರೀಯ ಮಂಡಳಿ ಹುಟ್ಟಿತು, 1997ರಲ್ಲಿ ಮಹಿಳಾ ಉದ್ಯಮಿಗಳಿಗೂ ಅಂಥದೇ ಒಂದು ಮಂಡಳಿ ಬಂತು. ಸಲಿಂಗಿ ಮತ್ತು ಲಿಂಗ ಪರಿವರ್ತಿತ ಉದ್ಯಮಿಗಳ ನ್ಯಾಷನಲ್ ಎಲ್‌ಜಿಬಿಟಿ ಚೇಂಬರ್ ಆಫ್ ಕಾಮರ್ಸ್ ಸ್ಥಾಪನೆಯಾದದ್ದು 2002ರಲ್ಲಿ. ಅಂಗವಿಕಲ ಉದ್ಯಮಿಗಳ ಸರದಿ ಬಂದದ್ದು ಎಲ್ಲರಿಗಿಂತ ಕೊನೆಗೆ. ಇಂದು ಡಿಸೆಬಿಲಿಟಿ:ಇನ್ ಎಂಬ ಹೆಸರಿನಲ್ಲಿರುವ ಸಂಸ್ಥೆ ಅವರಿಗೆ ಪ್ರಮಾಣಪತ್ರ ಕೊಡತೊಡಗಿದ್ದು 2010ರ ಹೊತ್ತಿಗೆ.

ಎಲ್‌ಜಿಬಿಟಿ ಚೇಂಬರ್ ಪ್ರಮಾಣಪತ್ರ ಕೊಡಲು ಶುರುಮಾಡಿದ ಕಾಲದಲ್ಲಿ ಅಮೆರಿಕದ ಎಷ್ಟೋ ರಾಜ್ಯಗಳಲ್ಲಿ ಸಲಿಂಗಿ ಎಂಬ ಒಂದೇ ಕಾರಣಕ್ಕೆ ನೌಕರನನ್ನು ಮನೆಗೆ ಕಳಿಸಬಹುದಿತ್ತು. ಅದು ಕಾನೂನುಬಾಹಿರ ಎಂದು ಅಲ್ಲಿನ ಸುಪ್ರೀಂ ಕೋರ್ಟ್ ಇಡೀ ದೇಶಕ್ಕೆ ಅನ್ವಯಿಸುವಂತೆ ಹೇಳಿದ್ದು 2020ರ ಜೂನ್‌ನಲ್ಲಿ. ಅಂದರೆ ನೌಕರನಾಗಿ ರಕ್ಷಣೆಯಿಲ್ಲದ ಮನುಷ್ಯ ಪೂರೈಕೆದಾರನಾಗಿ ಅದೇ ಕಂಪನಿಯ ಬಾಗಿಲು ತಟ್ಟಬಹುದಿತ್ತು. ಕೆಲಸದ ಬಾಗಿಲು ಮುಚ್ಚಿದವರು ಸ್ವಂತ ಉದ್ಯೋಗಕ್ಕೆ ಇಳಿಯುವುದು ಸಹಜ. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ವರದಿಗಳನ್ನು ನೋಡಿದರೆ, ದುಡಿಯುವ ಅಂಗವಿಕಲರಲ್ಲಿ ಸ್ವಯಂ ಉದ್ಯೋಗಿಗಳ ಪ್ರಮಾಣ ಉಳಿದವರಿಗಿಂತ ಹೆಚ್ಚು ಎಂಬುದು ವರ್ಷ ವರ್ಷವೂ ಕಾಣುತ್ತದೆ. ತಮ್ಮ ದೇಹಕ್ಕೆ ಹೊಂದುವ ವೇಳೆ, ಹೊಂದುವ ಮೇಜು, ಹೊಂದುವ ವೇಗ ಇವು ಸ್ವಂತ ಅಂಗಡಿಯಲ್ಲಿ ಸಿಕ್ಕಷ್ಟು ಸುಲಭವಾಗಿ ಇನ್ನೊಬ್ಬರ ಕಚೇರಿಯಲ್ಲಿ ಸಿಗುವುದಿಲ್ಲ.

ಅಮೆರಿಕ ಸರ್ಕಾರದ ಖರೀದಿಯಲ್ಲಿ ಅಂಗವಿಕಲರ ಹೆಸರು ಈ ಪ್ರಮಾಣಪತ್ರಗಳಿಗೂ ಮೊದಲೇ ಇತ್ತು ನಿಜ. 1936ರ ರ್‍ಯಾಂಡಾಲ್ಫ್–ಶೆಪರ್ಡ್ ಕಾಯ್ದೆ ಕೇಂದ್ರ ಸರ್ಕಾರದ ಕಟ್ಟಡಗಳಲ್ಲಿ ಅಂಗಡಿ ನಡೆಸಲು ಅಂಧರಿಗೆ ಆದ್ಯತೆ ಕೊಟ್ಟಿತು. 1938ರ ಇನ್ನೊಂದು ಕಾಯ್ದೆ, ಅಂಧರು ತಯಾರಿಸಿದ ಸಾಮಗ್ರಿಗಳನ್ನು ಸರ್ಕಾರ ಕೊಳ್ಳಬೇಕು ಎಂದಿತು. ಇವತ್ತಿಗೂ ನಡೆಯುತ್ತಿರುವ ಆ ಎರಡನೆಯ ವ್ಯವಸ್ಥೆಯಲ್ಲಿ ಗುತ್ತಿಗೆ ಹಿಡಿಯುವುದು ಲಾಭರಹಿತ ಸಂಸ್ಥೆಗಳು. ಅಂಗವಿಕಲರು ಅಲ್ಲಿ ದುಡಿಯುತ್ತಾರೆ. ಬೆಲೆ ನಿಗದಿ ಮಾಡುವವರು, ಲಾಭನಷ್ಟ ಲೆಕ್ಕ ಹಾಕುವವರು ಬೇರೆ. ಶೇ 51ರ ಒಡೆತನದ ನಿಯಮ ಬದಲಿಸಿದ್ದು ಇದನ್ನೇ.

ಹುಬ್ಬಳ್ಳಿಯ ಎರಡು ಉದಾಹರಣೆ ತೆಗೆದುಕೊಂಡರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲೀನಾ ಆಲಂ 2017ರಲ್ಲಿ ಅಲ್ಲಿನ ಕಾಲೇಜೊಂದರಲ್ಲಿ ಶುರುಮಾಡಿದ ಮಿಟ್ಟಿ ಕೆಫೆಯಲ್ಲಿ ಅಡುಗೆ ಮಾಡುವವರು, ಬಡಿಸುವವರು ಬಹುಪಾಲು ಅಂಗವಿಕಲರು. ಅದು ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ, 2023ರಲ್ಲಿ ಸುಪ್ರೀಂ ಕೋರ್ಟಿನ ಆವರಣಕ್ಕೂ ಬಂತು. ಎಷ್ಟೋ ಮಂದಿಗೆ ಅನ್ನ ಮತ್ತು ಗೌರವ ಎರಡನ್ನೂ ಕೊಟ್ಟ ಕೆಲಸ ಅದು. ಇನ್ನೊಂದು ಶ್ರೀಕಾಂತ್ ಬೊಲ್ಲಾ ಅವರ ಬೊಲ್ಲಾಂಟ್ ಇಂಡಸ್ಟ್ರೀಸ್. ಹುಟ್ಟಿನಿಂದ ದೃಷ್ಟಿಯಿಲ್ಲದ, ಆಂಧ್ರದ ಮಚಲೀಪಟ್ಟಣದ ಕಡೆಯ ಈ ಯುವಕ ಪಿಯುಸಿಯಲ್ಲಿ ವಿಜ್ಞಾನ ಓದಲು ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. ಮುಂದೆ ಅಮೆರಿಕದ ಎಂಐಟಿಯಲ್ಲಿ ಓದಿ ಬಂದು, 2012ರಲ್ಲಿ ಹೈದರಾಬಾದಿನಲ್ಲಿ ಅಡಿಕೆ ಹಾಳೆಯ ತಟ್ಟೆ, ಮರುಬಳಕೆ ಕಾಗದದ ಪ್ಯಾಕಿಂಗ್ ಸಾಮಗ್ರಿ ತಯಾರಿಸುವ ಕಾರ್ಖಾನೆ ತೆರೆದರು. ರತನ್ ಟಾಟಾ ಬಂಡವಾಳ ಹಾಕಿದರು. ಹುಬ್ಬಳ್ಳಿಯಲ್ಲೂ ಘಟಕ ಬಂತು. ಅಮೆರಿಕದ ಅಳತೆಗೋಲು ಹಿಡಿದರೆ ಮಿಟ್ಟಿ ಕೆಫೆಗೆ ಈ ಪ್ರಮಾಣಪತ್ರ ಸಿಗುವುದಿಲ್ಲ, ಯಾಕೆಂದರೆ ಅದು ಲಾಭರಹಿತ ಸಂಸ್ಥೆ, ಅದಕ್ಕೆ ಒಡೆಯರೆಂದು ಯಾರೂ ಇಲ್ಲ. ಆ ಅಳತೆಗೋಲು ಹುಡುಕುವುದು ಶ್ರೀಕಾಂತ್ ಅಂಥವರನ್ನು. ಎರಡೂ ಬೇಕು. ಆದರೆ ಭಾರತದ ಕಾನೂನಿಗೆ ಮೊದಲನೆಯದು ಕಂಡಷ್ಟು ಎರಡನೆಯದು ಕಂಡಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 35ನೇ ಕಲಂ, ಶೇ 5ರಷ್ಟು ಅಂಗವಿಕಲ ನೌಕರರನ್ನು ಇಟ್ಟುಕೊಳ್ಳುವ ಖಾಸಗಿ ಕಂಪನಿಗೆ ಪ್ರೋತ್ಸಾಹಧನ ಕೊಡಿ ಎನ್ನುತ್ತದೆ. ಅಂಗವಿಕಲರ ಕಂಪನಿಯಿಂದ ಸರಕು ಕೊಳ್ಳಿ ಎಂಬ ಮಾತು ಅದರಲ್ಲಿಲ್ಲ.

ಪ್ರಮಾಣಪತ್ರ ಯಾಕೆ ಬೇಕು, ಮಾಲೀಕರ ಮಾತು ನಂಬಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಕರ್ನಾಟಕದ ಗುತ್ತಿಗೆದಾರರ ವಲಯದಲ್ಲಿ ಓಡಾಡಿದವರಿಗೆ ಇದರ ಉತ್ತರ ಹೇಳಿಕೊಡಬೇಕಿಲ್ಲ. ರಾಜ್ಯ ಸರ್ಕಾರ 2017ರಲ್ಲಿ ಟೆಂಡರ್ ಪಾರದರ್ಶಕತೆ ಕಾಯ್ದೆಗೆ ತಿದ್ದುಪಡಿ ತಂದು, 50 ಲಕ್ಷ ರೂಪಾಯಿವರೆಗಿನ ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿಟ್ಟಿತು. ಆ ಮಿತಿ ಆಮೇಲೆ 1 ಕೋಟಿಗೆ ಏರಿತು. ನ್ಯಾಯವಾದ, ತಡವಾಗಿ ಬಂದ ಕ್ರಮ ಅದು. ಅದರ ಬೆನ್ನಿಗೇ ಬೇನಾಮಿಯ ದೂರುಗಳೂ ಬಂದವು. ಲೈಸೆನ್ಸ್ ಒಬ್ಬರದು, ಜೆಸಿಬಿ ಇನ್ನೊಬ್ಬರದು, ಬಿಲ್ ಪಾಸಾದ ದಿನ ಹಣ ಹೋಗುವುದು ಮೂರನೆಯವರ ಖಾತೆಗೆ. ಜಾತಿ ಪ್ರಮಾಣಪತ್ರ ಅರ್ಜಿದಾರ ಯಾರು ಎಂಬುದನ್ನು ಹೇಳುತ್ತದೆಯೇ ಹೊರತು ವ್ಯವಹಾರ ಯಾರ ಕೈಯಲ್ಲಿದೆ ಎಂಬುದನ್ನಲ್ಲ. ಅಮೆರಿಕದ ತಪಾಸಕರು ಷೇರು ಪುಸ್ತಕ, ಸಭೆಯ ನಡಾವಳಿ, ಬ್ಯಾಂಕಿನ ಸಹಿ ಇವನ್ನೆಲ್ಲ ನೋಡಿ, ಸ್ಥಳಕ್ಕೇ ಹೋಗಿ ಮಾಲೀಕರ ಜೊತೆ ಮಾತಾಡುವುದು ಈ ಎರಡನೆಯ ಪ್ರಶ್ನೆಗಾಗಿ. ಆ ವ್ಯವಸ್ಥೆಯಿಂದ ಇಲ್ಲಿನವರು ಕಲಿಯಬೇಕಾದ ಮೊದಲ ಸಂಗತಿ ಈ ತಪಾಸಣೆಯೇ.

ಗುರುತಿನ ಪುರಾವೆ ಮಾತ್ರ ಕಷ್ಟದ ವಿಷಯ. ಅಂಗವೈಕಲ್ಯಕ್ಕೆ ವೈದ್ಯರ ಪತ್ರ ಸಾಕಾಗುತ್ತದೆ. 1990ರ ಅಮೆರಿಕನ್ ಅಂಗವಿಕಲರ ಕಾಯ್ದೆಯ ವ್ಯಾಖ್ಯೆ ವಿಶಾಲವಾಗಿರುವುದರಿಂದ ಅಪಸ್ಮಾರ, ಮಾನಸಿಕ ಕಾಯಿಲೆ, ಕಲಿಕೆಯ ತೊಡಕು ಮುಂತಾದ ಕಣ್ಣಿಗೆ ಕಾಣದ ತೊಂದರೆಗಳೂ ಅದರೊಳಗೆ ಬರುತ್ತವೆ. ಸಲಿಂಗಿ ಎಂಬುದಕ್ಕೆ ಯಾವ ಆಸ್ಪತ್ರೆಯ ಚೀಟಿಯೂ ಇಲ್ಲ. ಆದ್ದರಿಂದ ವಿವಾಹ ಪತ್ರ, ಸಂಗಾತಿಯ ಜೊತೆಗಿನ ಜಂಟಿ ದಾಖಲೆ, ಪರಿಚಿತರು ಅಥವಾ ಸಮುದಾಯದ ಸಂಘಟನೆ ಬರೆದ ಪತ್ರ ಇಂಥವನ್ನು ನೋಡುತ್ತಾರೆ. ಜನಾಂಗದ ವಿಷಯದಲ್ಲಿ ಇದು ಎಲ್ಲಿಗೆ ಮುಟ್ಟಬಹುದು ಎಂಬುದಕ್ಕೆ ವಾಷಿಂಗ್ಟನ್ ರಾಜ್ಯದ ಒಂದು ಪ್ರಕರಣ ಸಾಕ್ಷಿ. ಬಿಳಿಯನಂತೆ ಕಾಣುವ, ಹಾಗೆಯೇ ಬದುಕಿದ ವಿಮಾ ಉದ್ಯಮಿಯೊಬ್ಬ ಡಿಎನ್‌ಎ ಪರೀಕ್ಷೆಯಲ್ಲಿ ಶೇ 4ರಷ್ಟು ಆಫ್ರಿಕನ್ ಮೂಲ ಬಂದಿದೆ ಎಂದು ಅಲ್ಪಸಂಖ್ಯಾತ ಉದ್ಯಮಿಯ ಪ್ರಮಾಣಪತ್ರ ಕೇಳಿದ. ಕೇಂದ್ರದ ಯೋಜನೆಯಡಿ ಅದು ಸಿಗಲಿಲ್ಲ, ಕೋರ್ಟಿಗೆ ಹೋದ, 2018ರಲ್ಲಿ ಮೇಲ್ಮನವಿಯಲ್ಲೂ ಸೋತ. ಕೋರ್ಟು ಸರಿಯಾದುದನ್ನೇ ಮಾಡಿತು. ಈ ಪ್ರಮಾಣಪತ್ರ ಇರುವುದು ಮಾರುಕಟ್ಟೆಯ ಬಾಗಿಲಲ್ಲಿ ತಡೆದು ನಿಲ್ಲಿಸಲ್ಪಟ್ಟವರಿಗಾಗಿ, ರಕ್ತದಲ್ಲಿ ಏನಿದೆ ಎಂದು ಪ್ರಯೋಗಾಲಯದಲ್ಲಿ ಹುಡುಕುವವರಿಗಾಗಿ ಅಲ್ಲ.

ಇಷ್ಟೆಲ್ಲ ಆಗಿ ಕೈಗೆ ಬರುವುದೇನು? ಆರ್ಡರ್ ಅಂತೂ ಅಲ್ಲ. ಕಂಪನಿಗಳ ಖರೀದಿ ವಿಭಾಗದವರು ನೋಡುವ ಪಟ್ಟಿಯಲ್ಲಿ ಹೆಸರು, ವಾರ್ಷಿಕ ಸಮ್ಮೇಳನದಲ್ಲಿ ಅವರೆದುರು ಕೂತು ಮಾತಾಡುವ ಅವಕಾಶ, ತರಬೇತಿ, ಇಷ್ಟೇ. ಎಲ್‌ಜಿಬಿಟಿ ಚೇಂಬರ್ ಹೊರತಂದ ವರದಿಯೊಂದರ ಪ್ರಕಾರ 2016ರ ಹೊತ್ತಿಗೆ ಪ್ರಮಾಣಪತ್ರ ಪಡೆದಿದ್ದ ಉದ್ಯಮಗಳು 909, ಅವುಗಳ ಒಟ್ಟು ವರಮಾನ ಸುಮಾರು 115 ಕೋಟಿ ಡಾಲರ್. ಅಷ್ಟು ದೊಡ್ಡ ದೇಶದಲ್ಲಿ ಬರೀ 909! ದಾಖಲೆ ಒಟ್ಟುಮಾಡುವ ರಗಳೆ, ಗುರುತು ಬಯಲಾಗುವ ಭಯ, ಪಟ್ಟಿ ಸೇರಿದರೂ ವ್ಯಾಪಾರ ಕುದುರದ ಅನುಭವ, ಎಲ್ಲವೂ ಆ ಸಂಖ್ಯೆಯೊಳಗಿವೆ. ಪ್ರಮಾಣಪತ್ರಕ್ಕೆ ಬೆಲೆ ಬರಬೇಕಾದರೆ ಕೊಳ್ಳುವವರ ಮೇಲೂ ಒಂದು ಹೊಣೆ ಇರಬೇಕು. ಕ್ಯಾಲಿಫೋರ್ನಿಯಾ ಅದನ್ನು ಮಾಡಿತು. ಅಲ್ಲಿ ವಿದ್ಯುತ್, ಗ್ಯಾಸ್, ದೂರವಾಣಿ ಕಂಪನಿಗಳು ಯಾವ ವರ್ಗದ ಉದ್ಯಮಿಗಳಿಂದ ಎಷ್ಟು ಕೊಂಡವು ಎಂದು ಪ್ರತಿವರ್ಷ ನಿಯಂತ್ರಣ ಆಯೋಗಕ್ಕೆ ವರದಿ ಕೊಡಬೇಕು. 2014ರ ಕಾಯ್ದೆಯೊಂದು ಆ ವರದಿಗೆ ಎಲ್‌ಜಿಬಿಟಿ ಉದ್ಯಮಗಳನ್ನೂ ಸೇರಿಸಿತು. ಕೋಟಾ ಇಲ್ಲ, ದಂಡವಿಲ್ಲ, ಲೆಕ್ಕ ಬಹಿರಂಗ, ಅಷ್ಟೇ. ಮರುವರ್ಷ ಮ್ಯಾಸಚೂಸೆಟ್ಸ್ ರಾಜ್ಯದ ಗವರ್ನರ್ ತಮ್ಮ ಆದೇಶದಲ್ಲಿ ಅಂಗವಿಕಲರ ಮತ್ತು ಎಲ್‌ಜಿಬಿಟಿ ಉದ್ಯಮಗಳೆರಡನ್ನೂ ರಾಜ್ಯದ ಖರೀದಿ ಕಾರ್ಯಕ್ರಮಕ್ಕೆ ಸೇರಿಸಿದರು.

ಈಚಿನ ವರ್ಷಗಳಲ್ಲಿ ಅಲ್ಲಿ ಗಾಳಿ ಬೇರೆ ಕಡೆಗೆ ತಿರುಗಿದೆ. 2024ರಲ್ಲಿ ಟ್ರ್ಯಾಕ್ಟರ್ ಸಪ್ಲೈ, ಹಾರ್ಲೆ ಡೇವಿಡ್‌ಸನ್, ಲೋವ್ಸ್, ಫೋರ್ಡ್ ಕಂಪನಿಗಳು ಒಂದರ ಹಿಂದೊಂದರಂತೆ ವೈವಿಧ್ಯದ ಕಾರ್ಯಕ್ರಮಗಳಿಂದ ಹಿಂದೆ ಸರಿದವು. ನವೆಂಬರ್‌ನಲ್ಲಿ ವಾಲ್‌ಮಾರ್ಟ್ ಕೂಡ ಆ ಸಾಲಿಗೆ ಸೇರಿತು. 2025ರ ಜನವರಿ 21ರಂದು ಅಧ್ಯಕ್ಷ ಟ್ರಂಪ್ ಹೊರಡಿಸಿದ ಆದೇಶ 1965ರಿಂದ ಜಾರಿಯಲ್ಲಿದ್ದ ಗುತ್ತಿಗೆದಾರರ ಸಮಾನಾವಕಾಶದ ಆದೇಶವನ್ನೇ ರದ್ದುಮಾಡಿತು. ಅದೇ ತಿಂಗಳು ಟಾರ್ಗೆಟ್ ಕಂಪನಿ ತನ್ನ ಪೂರೈಕೆದಾರರ ವೈವಿಧ್ಯದ ತಂಡಕ್ಕೆ ಬೇರೆ ಹೆಸರಿಟ್ಟಿತು, ಮೆಕ್‌ಡೊನಾಲ್ಡ್ಸ್ ಪೂರೈಕೆದಾರರಿಂದ ಪಡೆಯುತ್ತಿದ್ದ ವಾಗ್ದಾನವನ್ನು ಕೈಬಿಟ್ಟಿತು.

ಕಾನೂನಿನ ಭಯದಿಂದ ಹಿಂದೆ ಸರಿದೆವು ಎಂದು ಹೇಳುವ ಕಂಪನಿಗಳ ಮಾತನ್ನು ಅಂಗವಿಕಲರ ವಿಷಯದಲ್ಲಿ ಒಪ್ಪಲಾಗದು. ಅಮೆರಿಕದಲ್ಲಿ ಇಂಥ ಕಾರ್ಯಕ್ರಮಗಳ ವಿರುದ್ಧ ಮುಖ್ಯವಾಗಿ ಬಳಕೆಯಾಗುತ್ತಿರುವುದು ಒಪ್ಪಂದಗಳಲ್ಲಿ ಜನಾಂಗಭೇದ ನಿಷೇಧಿಸುವ 1866ರ ಕಾಯ್ದೆ. ಅದಕ್ಕೂ ಅಂಗವೈಕಲ್ಯಕ್ಕೂ ಸಂಬಂಧವಿಲ್ಲ. ಅದರ ಮೇಲೆ, ಅಂಗವಿಕಲರ ಕಾಯ್ದೆಗೆ 2008ರಲ್ಲಿ ಆದ ತಿದ್ದುಪಡಿ ತುಂಬ ಸ್ಪಷ್ಟವಾಗಿದೆ. ತನಗೆ ಅಂಗವೈಕಲ್ಯ ಇಲ್ಲ ಎಂಬ ಕಾರಣಕ್ಕೆ ಅನ್ಯಾಯವಾಯಿತು ಎಂದು ಯಾರೂ ಆ ಕಾಯ್ದೆಯಡಿ ದಾವೆ ಹೂಡುವಂತಿಲ್ಲ. ಹೀಗಿದ್ದೂ ಇಡೀ ಕಾರ್ಯಕ್ರಮವನ್ನೇ ಮುಚ್ಚಿದವರು ಗಾಲಿಕುರ್ಚಿಯಲ್ಲಿ ಕೂತ ಉದ್ಯಮಿಯನ್ನು ರಾಜಕೀಯದ ಲೆಕ್ಕಾಚಾರಕ್ಕೆ ಬಲಿಕೊಟ್ಟರು.

ಇನ್ನೊಂದು ಅನ್ಯಾಯ ಹಳೆಯದು. ಸೇವೆಯಲ್ಲಿದ್ದಾಗ ಅಂಗವಿಕಲರಾದ ಮಾಜಿ ಸೈನಿಕರ ಉದ್ಯಮಗಳಿಂದ ಇಂತಿಷ್ಟು ಕೊಳ್ಳಬೇಕೆಂಬ ಗುರಿ ಅಮೆರಿಕದ ಕೇಂದ್ರ ಸರ್ಕಾರಕ್ಕಿದೆ. ಅದು ಮೊದಲು ಶೇ 3 ಇತ್ತು, ಈಚೆಗೆ ಶೇ 5 ಆಗಿದೆ. ಹುಟ್ಟಿನಿಂದ ಕಾಲಿಲ್ಲದವರ, ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರ ಉದ್ಯಮಕ್ಕೆ ಅಂಥ ಗುರಿ ಇಲ್ಲ. ದೇಶಕ್ಕಾಗಿ ಗಾಯಗೊಂಡವರಿಗೆ ಋಣ ತೀರಿಸಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೆಟ್ಟಿಲು ಮಾತ್ರ ಇರುವ ಕಚೇರಿಯ ಮುಂದೆ ಇಬ್ಬರಿಗೂ ಆಗುವ ತೊಂದರೆ ಒಂದೇ.

ಭಾರತದಲ್ಲಿ ಈ ವಿಚಾರ ಹೊಸದೇನಲ್ಲ. 2002ರ ಜನವರಿಯ ಭೋಪಾಲ್ ಘೋಷಣೆಯಲ್ಲಿ ದಲಿತ ಚಿಂತಕರು ಅಮೆರಿಕದ ಮಾದರಿಯ ಪೂರೈಕೆದಾರರ ವೈವಿಧ್ಯವನ್ನು ಕೇಳಿದ್ದರು. ಮಿಲಿಂದ್ ಕಾಂಬ್ಳೆ 2005ರಲ್ಲಿ ಪುಣೆಯಲ್ಲಿ ದಲಿತ ಉದ್ಯಮಿಗಳ ಚೇಂಬರ್ ಕಟ್ಟಿದರು. ಕೇಂದ್ರದ 2012ರ ಸಾರ್ವಜನಿಕ ಖರೀದಿ ನೀತಿಯ ಪ್ರಕಾರ ಇಲಾಖೆಗಳು ಮತ್ತು ಸಾರ್ವಜನಿಕ ಉದ್ದಿಮೆಗಳು ಈಗ ತಮ್ಮ ಖರೀದಿಯ ಶೇ 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳಿಂದ ಮಾಡಬೇಕು. ಅದರೊಳಗೆ ಪರಿಶಿಷ್ಟ ಜಾತಿ, ಪಂಗಡದ ಉದ್ಯಮಿಗಳಿಗೆ ಶೇ 4, ಮಹಿಳೆಯರಿಗೆ ಶೇ 3. ಆ ಶೇ 4ರ ಗುರಿ ಎಷ್ಟೋ ವರ್ಷ ಅರ್ಧಕ್ಕೂ ಮುಟ್ಟಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಅಂಗವಿಕಲ ಉದ್ಯಮಿಗಳು, ಲಿಂಗತ್ವ ಅಲ್ಪಸಂಖ್ಯಾತ ಉದ್ಯಮಿಗಳು ಆ ಲೆಕ್ಕದಲ್ಲೇ ಇಲ್ಲ. ಸರ್ಕಾರಿ ನೌಕರಿಯಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ 2021ರಲ್ಲಿ ಶೇ 1ರ ಮೀಸಲಾತಿ ಕೊಟ್ಟು ದೇಶಕ್ಕೆ ದಾರಿ ತೋರಿದ ಕರ್ನಾಟಕದ ಗುತ್ತಿಗೆ ಮೀಸಲಾತಿಯಲ್ಲೂ ಅವರಿಲ್ಲ.

ನೆನಪಿರುವವರಿಗೆ ನೆನಪಿರಬಹುದು, 1990ರ ದಶಕದಲ್ಲಿ ಬಸ್ ನಿಲ್ದಾಣಗಳ ಬಳಿ ಎಸ್‌ಟಿಡಿ ಬೂತ್‌ಗಳಿದ್ದವು. ಹಂಚಿಕೆಯಲ್ಲಿ ಅಂಗವಿಕಲರಿಗೆ ಆದ್ಯತೆ ಇತ್ತು. ಗಾಜಿನ ಗೂಡು, ಗೋಡೆಯ ಮೇಲೆ ಓಡುವ ಕೆಂಪು ಅಂಕಿ, ಮಾತು ಮುಗಿದ ಕೂಡಲೇ ಕಿರ್ರೆಂದು ಬರುವ ಬಿಲ್ಲಿನ ಚೀಟಿ, ಹೊರಗೆ ನಿಲ್ಲಿಸಿದ ಮೂರು ಗಾಲಿಯ ಸೈಕಲ್. ಎಷ್ಟೋ ಸಂಸಾರಗಳು ಅದರಿಂದ ನಡೆದವು. ಮೊಬೈಲ್ ಬಂದು ಕೆಲವೇ ವರ್ಷಗಳಲ್ಲಿ ಆ ಬೂತ್‌ಗಳು ಮಾಯವಾದವು. ಬೂತ್ ಕೊಟ್ಟ ಸರ್ಕಾರ ಮಾಲೀಕರಿಗೆ ಒಂದು ಮೇಜು ಕೊಟ್ಟಿತ್ತೇ ಹೊರತು ಬೇರೆ ಸರಕಿಗೆ ಹೊರಳಲು ಬೇಕಾದ ಬಂಡವಾಳವನ್ನಾಗಲಿ, ದೊಡ್ಡ ಗಿರಾಕಿಯನ್ನಾಗಲಿ ಕೊಡಲಿಲ್ಲ.

ದೊಡ್ಡ ಗಿರಾಕಿಗಳು ಈಗ ಬೆಂಗಳೂರಿನಲ್ಲೇ ಇದ್ದಾರೆ. ಬಹುರಾಷ್ಟ್ರೀಯ ಕಂಪನಿಗಳು ಭಾರತದಲ್ಲಿ ತೆರೆದಿರುವ ಜಾಗತಿಕ ಕೇಂದ್ರಗಳು ಅತಿ ಹೆಚ್ಚು ಇರುವುದು ಈ ನಗರದಲ್ಲಿ. ಅವು ದಿನವೂ ಊಟ, ಕ್ಯಾಬ್, ಹೌಸ್‌ಕೀಪಿಂಗ್, ಟೀ ಶರ್ಟ್, ಗಿಫ್ಟ್ ಬಾಕ್ಸ್ ಕೊಳ್ಳುತ್ತವೆ. ಜೂನ್ ತಿಂಗಳಲ್ಲಿ ಲೈಂಗಿಕ ಅಲ್ಪಸಂಖ್ಯಾತರಿಗೆ, ಡಿಸೆಂಬರ್ 3ರ ಅಂಗವಿಕಲರ ದಿನದಂದು ಅಂಗವಿಕಲರಿಗೆ ಕ್ಯಾಂಪಸ್ಸಿನಲ್ಲಿ ಒಂದು ಮಳಿಗೆ ಸಿಗುತ್ತದೆ. ಮೇಣದ ಬತ್ತಿ, ಕೈಚೀಲ ಮಾರಾಟವಾಗುತ್ತವೆ, ಫೋಟೊ ತೆಗೆಯುತ್ತಾರೆ. ಅದೇ ಮಳಿಗೆಯವರು ವರ್ಷವಿಡೀ ಪೂರೈಸಲು ವೆಂಡರ್ ಆಗಿ ನೋಂದಾಯಿಸಲು ಹೋದರೆ ಮೂರು ವರ್ಷದ ಬ್ಯಾಲೆನ್ಸ್ ಶೀಟ್, ಇಂತಿಷ್ಟು ವಹಿವಾಟು, ಠೇವಣಿ ಎಲ್ಲ ಬೇಕು. ಪೋರ್ಟಲ್ ತೆರೆದರೆ ಚಿತ್ರದಲ್ಲಿರುವ ಅಂಕುಡೊಂಕು ಅಕ್ಷರ ಓದಿ ಟೈಪ್ ಮಾಡಿ ಎನ್ನುತ್ತದೆ. ಪರದೆ ಓದುವ ತಂತ್ರಾಂಶ ಬಳಸುವ ದೃಷ್ಟಿಹೀನ ಉದ್ಯಮಿಯ ಅರ್ಜಿ ಅಲ್ಲಿಗೇ ನಿಲ್ಲುತ್ತದೆ.

ಇಲ್ಲಿ ಹೊಸ ಪ್ರಮಾಣಪತ್ರದ ಕಚೇರಿ ತೆರೆಯುವ ಅಗತ್ಯ ಅಷ್ಟಾಗಿ ಇಲ್ಲ. ಅಂಗವಿಕಲರಿಗೆ ಯುಡಿಐಡಿ ಎಂಬ ಗುರುತಿನ ಕಾರ್ಡ್ ಇದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಗುರುತಿನ ಪತ್ರ ಇದೆ. ಗುರುತಿಗೆ ಅಷ್ಟು ಸಾಕು. ಬೇಕಿರುವುದು ಒಡೆತನದ ತಪಾಸಣೆ, ಅದನ್ನು ಸ್ವತಂತ್ರ ಸಂಸ್ಥೆಯೊಂದು ಮಾಡಬೇಕು. ಸಲಿಂಗಿ ಉದ್ಯಮಿಗಳ ವಿಷಯ ಬೇರೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಸಂಬಂಧವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು, 2023ರ ಅಕ್ಟೋಬರ್ 17ರಂದು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡಲು ಒಪ್ಪಲಿಲ್ಲ. ಹಾಗಾಗಿ ಅಮೆರಿಕದಲ್ಲಿ ನಡೆಯುವ ವಿವಾಹ ಪತ್ರದ ಪುರಾವೆ ಇಲ್ಲಿ ಇಲ್ಲವೇ ಇಲ್ಲ. ಗುರುತು ಬಯಲಾದರೆ ಮಳಿಗೆಯ ಬಾಡಿಗೆ ಕರಾರು, ಮನೆಯವರ ಜಾಮೀನು, ಊರಿನ ಸಂಬಂಧ ಎಲ್ಲಕ್ಕೂ ಕುತ್ತು. ಅವರಿಗೆ ಸ್ವಯಂ ಘೋಷಣೆಯೊಂದೇ ದಾರಿ. ಆ ಕಾಗದ ತಪಾಸಣೆ ಮಾಡುವ ಸಂಸ್ಥೆಯ ಬಳಿಯೇ ಉಳಿಯಬೇಕು, ಕೊಳ್ಳುವ ಕಂಪನಿಗೆ ನೋಂದಣಿ ಸಂಖ್ಯೆ ಮಾತ್ರ ಕಾಣಬೇಕು.

ಕೊಳ್ಳುವವರ ಲೆಕ್ಕ ಕೇಳಲು ಷೇರುಪೇಟೆಯ ನಿಯಂತ್ರಕ ಸೆಬಿಯ ಬಳಿ ಈಗಾಗಲೇ ಒಂದು ನಮೂನೆ ಇದೆ. ದೇಶದ ಮೊದಲ 1,000 ಷೇರುಪೇಟೆ ಕಂಪನಿಗಳು 2022–23ರಿಂದ ಕಡ್ಡಾಯವಾಗಿ ಕೊಡುತ್ತಿರುವ ಸುಸ್ಥಿರತೆ ವರದಿಯಲ್ಲಿ ಹೀಗೊಂದು ಪ್ರಶ್ನೆಯಿದೆ: ಅಂಚಿನಲ್ಲಿರುವ ಸಮುದಾಯಗಳ ಪೂರೈಕೆದಾರರಿಗೆ ಆದ್ಯತೆ ಕೊಡುವ ಖರೀದಿ ನೀತಿ ನಿಮ್ಮಲ್ಲಿದೆಯೇ, ಯಾವ ಸಮುದಾಯ, ಒಟ್ಟು ಖರೀದಿಯ ಶೇಕಡಾ ಎಷ್ಟು? ಆದರೆ ಅದಕ್ಕೆ ಉತ್ತರ ಕೊಡುವುದು ಕಂಪನಿಗಳ ಇಚ್ಛೆಗೆ ಬಿಟ್ಟದ್ದು. ಆ ಒಂದು ಪ್ರಶ್ನೆಯನ್ನು ಕಡ್ಡಾಯ ಮಾಡಿದರೆ, ಅಂಗವಿಕಲರು ಮತ್ತು ಲೈಂಗಿಕ ಅಲ್ಪಸಂಖ್ಯಾತರನ್ನು ಅದರಲ್ಲಿ ಹೆಸರಿಸಿದರೆ, ಬೆಂಗಳೂರಿನ ದೊಡ್ಡ ಐಟಿ ಕಂಪನಿಗಳ ಖರೀದಿಯ ಲೆಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ. ವಿದೇಶಿ ಕಂಪನಿಗಳ ಕೇಂದ್ರಗಳು ಈ ನಿಯಮದೊಳಗೆ ಬರುವುದಿಲ್ಲ. ಅವುಗಳಿಗೆ ರಿಯಾಯಿತಿ ಕೊಡುವ ರಾಜ್ಯ ಸರ್ಕಾರವೇ ಆ ಷರತ್ತು ಹಾಕಬೇಕು. ಸಣ್ಣ ಉದ್ಯಮಗಳಿಗೆ ಹೆಚ್ಚೆಂದರೆ 45 ದಿನದೊಳಗೆ ಹಣ ಪಾವತಿಸಬೇಕು ಎಂದು 2006ರ ಕಾಯ್ದೆ ಹೇಳುತ್ತದೆ. ತಡವಾದರೆ ದೂರು ಕೊಡಬಹುದು, ಆದರೆ ಮುಂದಿನ ಆರ್ಡರ್ ಕೈತಪ್ಪೀತೆಂದು ಸಣ್ಣವರು ಬಾಯಿ ಬಿಡುವುದಿಲ್ಲ. ಆದ್ದರಿಂದ ಇಂಥವರಿಂದ ಎಷ್ಟು ಕೊಂಡೆವು ಎಂಬ ಅಂಕಿಯ ಪಕ್ಕದಲ್ಲೇ, ಎಷ್ಟು ದಿನಕ್ಕೆ ಹಣ ಕೊಟ್ಟೆವು ಎಂಬ ಅಂಕಿಯನ್ನೂ ಆ ವರದಿ ಕೇಳಬೇಕು.